ಆಷಾಢದ ಮೇವು

ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರ ಗಳಿಕೆಯೆಲ್ಲ ಮದುವೆಯ ತಿಂಗಳುಗಳದ್ದು. ಶಹಾಬಾದಿನಲ್ಲಿರುವ ನನ್ನ ಕುದುರೆಗೆ ಆಗ ವಾಡಿ, ಚಿತ್ತಾಪುರ, ಸೇಡಂನಿಂದ ಕರೆ ಬರುತ್ತವೆ, ಒಮ್ಮೊಮ್ಮೆ ಚಿಂಚೋಳಿಯಿಂದಲೂ. ಆಷಾಢ ಬಂತೆಂದರೆ ಫೋನು ಸುಮ್ಮನಾಗುತ್ತದೆ, ಕುದುರೆಯ ಹೊಟ್ಟೆ ಸುಮ್ಮನಿರುವುದಿಲ್ಲ. ಪಕ್ಕೆಲುಬು ಕಾಣುವ ಕುದುರೆಗಳು ಊರಾಚೆಯ ತಿಪ್ಪೆಗೆ ಬಾಯಿ ಹಾಕುವುದು ಆಗಲೇ.

ಟಾಂಗಾ ಹೊಡೆದಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದರು: “ಕುದುರಿ ತರೋದೇನ್ ದೊಡ್ಡದಲ್ಲ ತಮ್ಮಾ, ಕೆಲಸಿಲ್ಲದಾಗ ಸಾಕೋದು ದೊಡ್ಡದು.” ಅಂದಿನಿಂದ ಪ್ರತಿ ಬಾಡಿಗೆಯಲ್ಲೂ ಮೇವಿನ ಪಾಲು ಮೊದಲು ತೆಗೆದಿಡುತ್ತೇನೆ. ಬಿಳಿಜೋಳದ ರಾಶಿ ಮುಗಿದಾಗ ಕಣಿಕೆ ಅಗ್ಗ. ಆಗಲೇ ಕೊಂಡು ಬಣವೆ ಒಟ್ಟಿ, ಮಳೆ ತಾಗದಂತೆ ಮುಚ್ಚಬೇಕು. ಬೂಸ್ಟು ಹಿಡಿದ ಮೇವು ತಿಂದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬಾರದು, ಹೊರಳಾಡಿ ಜೀವವನ್ನೇ ಬಿಡಬಹುದು. ಜಠರ ಸಣ್ಣದು, ಹಾಗಾಗಿ ದಿನವಿಡೀ ಸ್ವಲ್ಪಸ್ವಲ್ಪವೇ ಹಾಕಬೇಕು. ದುಡಿಮೆ ಇಲ್ಲದಾಗ ಕಡಲೆ, ಹುರುಳಿ ಇಳಿಸಬಹುದು, ಒಣಮೇವು ಇಳಿಸುವಂತಿಲ್ಲ. ದಿನಕ್ಕೆ 30 ಲೀಟರ್ ನೀರಾದರೂ ಮುಂದಿರಬೇಕು, ಬಿಸಿಲಲ್ಲಿ ಇನ್ನೂ ಹೆಚ್ಚು.

ಕುದುರೆ ನಿಂತಲ್ಲೇ ನಿಂತರೂ ಗೊರಸು ಬೆಳೆಯುತ್ತದೆ. 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿ ಲಾಳ ನೋಡಬೇಕು. ಎರೆಮಣ್ಣಿನ ಕೆಸರು ಗೊರಸಿನಡಿ ಉಳಿದರೆ ಕೊಳೆತ, ಆಮೇಲೆ ಕುಂಟು. ನಮ್ಮಲ್ಲಿ ಪರಸಿ ಕಲ್ಲು ಸುಲಭಕ್ಕೆ ಸಿಗುತ್ತದೆಂದು ಲಾಯಕ್ಕೂ ಹಾಸುವವರಿದ್ದಾರೆ. ಒದ್ದೆಯಾದಾಗ ಅದರ ಮೇಲೆ ಲಾಳ ಜಾರುತ್ತದೆ. ನಾನು ಗಟ್ಟಿಸಿದ ಮಣ್ಣು ಹಾಕಿ ಮೇಲೆ ಒಣಹುಲ್ಲು ಹರಡಿದ್ದೇನೆ.

ಇದೆಲ್ಲ ಕೇವಲ ಕರುಣೆಯ ಮಾತಲ್ಲ. ಸಾಕಿದ ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ ಹಸಿವೆ-ನೀರಡಿಕೆಗೆ ಬಿಟ್ಟುಬಿಡುವುದೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರ ನಿಯಮಗಳಿವೆ: ದಿನಕ್ಕೆ 9 ಗಂಟೆ ಮೀರುವಂತಿಲ್ಲ, ಬಿಸಿಲು 37 ಡಿಗ್ರಿ ದಾಟುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ, ಮುಳ್ಳಿನ ಕಡಿವಾಣ ಹಾಕುವಂತಿಲ್ಲ. ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ದಾಟುತ್ತದೆ. ಹೊತ್ತು ಇಳಿದ ಮೇಲಷ್ಟೇ ಬರುತ್ತೇನೆಂದು ಬೀಗರಿಗೆ ಮುಂಗಡ ಪಡೆಯುವಾಗಲೇ ಹೇಳಿಬಿಡುತ್ತೇನೆ. ಒಪ್ಪದವರ ಮುಂಗಡ ನನಗೆ ಬೇಡ.

ಮೂಗಿನಿಂದ ಅಂಟು ಸಿಂಬಳ, ಚರ್ಮದ ಮೇಲೆ ಗಂಟುಹುಣ್ಣು ಕಂಡರೆ ದನದ ದವಾಖಾನೆಗೆ ತಡಮಾಡದೆ ತಿಳಿಸಬೇಕು. ಅದು ಗ್ಲ್ಯಾಂಡರ್ಸ್ ಆಗಿದ್ದರೆ ಮನುಷ್ಯರಿಗೂ ಅಂಟುತ್ತದೆ. ಮುಚ್ಚಿಟ್ಟವನು ತನ್ನ ಮನೆಯವರನ್ನೇ ಅಪಾಯಕ್ಕೆ ಒಡ್ಡುತ್ತಾನೆ.

ಕುದುರೆ ಕೊಳ್ಳಬೇಕೆಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಬೆಲೆ ಹೇಳುವುದಿಲ್ಲ. ಬಾಡಿಗೆ ಇಲ್ಲದ ತಿಂಗಳುಗಳ ಮೇವು, ಲಾಳ, ಔಷಧದ ಖರ್ಚು ಬರೆಯಿಸುತ್ತೇನೆ. ಕೈಗೆ ಎಟುಕದಿದ್ದರೆ ಇಬ್ಬರು ಕೂಡಿ ಒಂದೇ ಕುದುರೆ ಸಾಕಿರಿ ಎನ್ನುತ್ತೇನೆ.