ಹಳೆಯ ಲಾರಿಗೆ ಎಷ್ಟು ಬಲ ಸಾಕು?

ಹೋದ ತಿಂಗಳು ನಮ್ಮ ವಾಚನಾಲಯದಲ್ಲಿ ಗೆಳೆಯರೊಬ್ಬರು ಒಂದು ಪ್ರಶ್ನೆ ಹಾಕಿದರು. ತಂದೆಯವರು ಬಿಟ್ಟುಹೋದ ಪೆಟ್ರೋಲ್ ಫಾರ್ಗೋ ಲಾರಿ ಊರಿನಲ್ಲಿದೆ. ಎರಡು ವರ್ಷದ ಉಳಿತಾಯ ಕೈಯಲ್ಲಿದೆ. ಗೇರ್‌ಬಾಕ್ಸು ಹಳೆಯದನ್ನೇ ಇಟ್ಟುಕೊಂಡು ಎಂಜಿನಿಗೆ ಬಲ ತುಂಬುವುದು ಹೇಗೆ?

ಡಾಜ್, ಫಾರ್ಗೋ ಲಾರಿಗಳು ನಮ್ಮ ಕುರ್ಲಾದವು. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಅವನ್ನು ಅಲ್ಲಿ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಎಂಜಿನ್ ಕೆಟ್ಟರೆ ರಿಪೇರಿಯಾದೀತು. ಗೇರಿನ ಹಲ್ಲು ಮುರಿದರೆ ಗುಜರಿ ಅಂಗಡಿಗಳನ್ನೇ ಸುತ್ತಬೇಕು.

ಗೇರ್‌ಬಾಕ್ಸಿನ ಮೇಲೆ ಬೀಳುವ ಭಾರ ಅಶ್ವಶಕ್ತಿಯದಲ್ಲ, ಎಂಜಿನಿನ ತಿರುಚುಬಲದ್ದು. ಇದಕ್ಕೆ ಟಾರ್ಕ್ ಎನ್ನುತ್ತಾರೆ. ಲೆಕ್ಕಕ್ಕಾಗಿ ಎಂಜಿನ್ 25 ಕಿಲೋಗ್ರಾಂ-ಮೀಟರ್ ಕೊಡುತ್ತದೆ, ಮೊದಲ ಗೇರು ಅದನ್ನು 6 ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳಿ. ಹೊರಬರುವುದು 150. ಎಂಜಿನಿನಲ್ಲಿ ನೂರಕ್ಕೆ ಹತ್ತು ಹೆಚ್ಚಿಸಿದರೆ 165. ಆದರೆ 40 ಕೊಡುವ ದೊಡ್ಡ ಡೀಸೆಲ್ ಎಂಜಿನ್ ಕೂರಿಸಿದರೆ 240! ಖೋಪೋಲಿಯಿಂದ ಖಂಡಾಲಾಕ್ಕೆ ಭೋರ್ ಘಾಟ್ ಏರುವಾಗ, ಅದೂ ಹೊರೆಯೊಡನೆ, ಆ ಹಲ್ಲುಗಳ ಗತಿಯೇನು? ಹಳೆಯ ಬಂಡಿಗೆ ಕೊಬ್ಬಿದ ಹೋರಿ ಕಟ್ಟಿದರೆ ಮುರಿಯುವುದು ಹೋರಿಯಲ್ಲ, ಅಚ್ಚು.

ಆದ್ದರಿಂದ ಈ ಕ್ರಮ ಅನುಸರಿಸಬಹುದು:

1. ಮೊದಲು ಬ್ರೇಕು, ಸ್ಟೀರಿಂಗು, ರೇಡಿಯೇಟರು. ನಿಲ್ಲದ ಗಾಡಿಗೆ ವೇಗವೇಕೆ?

2. ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಸಿ. ವಾಲ್ವು ಉಜ್ಜಿಸಿ, ಸವೆದ ರಿಂಗು ಬದಲಿಸಿ, ಕಾರ್ಬುರೇಟರ್ ಶುಚಿಮಾಡಿಸಿ, ಕಿಡಿಯ ಸಮಯ ಸರಿಪಡಿಸಿದರೆ ಕಳೆದುಹೋದ ಬಲವೇ ಮರಳಿ ಬರುತ್ತದೆ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ.

3. ಇನ್ನೂ ಬೇಕೆಂದರೆ ಹೆಡ್ಡನ್ನು ಅತಿ ಸ್ವಲ್ಪ ತೇಯಿಸಿ ಕಂಪ್ರೆಶನ್ ಏರಿಸಬಹುದು. ಪ್ಲಾಟಿನಂ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದು. ಇವುಗಳಿಂದ ಟಾರ್ಕ್ ಕೊಂಚವೇ ಏರುತ್ತದೆ.

4. ಇಂಧನವನ್ನು ಮರೆಯಬೇಡಿ. 2000ನೆಯ ಇಸವಿಯಿಂದ ದೇಶದ ಪೆಟ್ರೋಲಿನಲ್ಲಿ ಸೀಸವಿಲ್ಲ. ವಾಲ್ವು ಕೂರುವ ಜಾಗ ಮೆತ್ತಗಿದ್ದರೆ ಬೇಗ ಸವೆಯುತ್ತದೆ, ಗಟ್ಟಿ ಬಳೆ ಕೂರಿಸಬೇಕು. ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರು ಕೊಳವೆಗಳನ್ನು, ಪಂಪಿನ ಪೊರೆಯನ್ನು ಅದು ತಡೆಯುವಂಥವುಗಳಿಗೆ ಬದಲಿಸಿ.

5. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನೋಡಿ. ಲೋಹದ ಚೂರು ಕಂಡರೆ ಎಂಜಿನಿನ ಕೆಲಸ ಅಲ್ಲಿಗೇ ನಿಲ್ಲಿಸಿ.

ಎಂಜಿನನ್ನೇ ಬದಲಿಸುವ ಆಸೆಯಿದ್ದವರು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ತಿಳಿದಿರಬೇಕು. ಹಣ ಕೊಡುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಕೊಟ್ಟಮೇಲೆ ಅಲ್ಲ.

ನಮ್ಮ ಗೆಳೆಯರು ಮೊದಲೆರಡು ಕೆಲಸಗಳನ್ನಷ್ಟೇ ಮಾಡಿಸಲು ನಿಶ್ಚಯಿಸಿದ್ದಾರೆ. ಉಳಿದ ಹಣ ಮಗಳ ಶಾಲೆಗಂತೆ. ತಂದೆಯವರ ಕೈ ಸವೆಸಿದ ಗೇರಿನ ಹಿಡಿ ಹಾಗೆಯೇ ಉಳಿಯುತ್ತದೆ.