ಅರಳು ಮರಳು

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಮುಪ್ಪಿನಲ್ಲಿ ಮರೆವು ಸಹಜವೆಂಬ ಭಾವನೆ ಇದರಲ್ಲಿದೆ. ಕನ್ನಡಕವನ್ನು ಎಲ್ಲಿಯೋ ಇಟ್ಟು ಹುಡುಕುವುದು, ಪರಿಚಿತರ ಹೆಸರು ತಟ್ಟನೆ ನೆನಪಾಗದಿರುವುದು ಮುಪ್ಪಿನ ಸಹಜ ಮರೆವೇ ಹೌದು. ಆದರೆ ಬಹುಕಾಲ ನಡೆದಾಡಿದ ಬೀದಿಯಲ್ಲಿಯೇ ದಾರಿ ತಪ್ಪುವುದು, ಹೆತ್ತ ಮಗನನ್ನೇ ಗುರುತಿಸದಿರುವುದು ಮುಪ್ಪಿನ ಧರ್ಮವಲ್ಲ. ಅದು ರೋಗದ ಲಕ್ಷಣ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಕನ್ನಡದಲ್ಲಿ ಮರೆಗುಳಿತನವೆಂದು ಕರೆಯುವ ರೂಢಿಯುಂಟು.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ ಮಹಿಳೆಯನ್ನು ಸೇರಿಸಲಾಯಿತು. ಆಕೆಗೆ ಆಗ ಕೇವಲ 51 ವರ್ಷ. ಆದರೂ ನೆನಪು ಕುಂದಿತ್ತು, ಮಾತು ತಡವರಿಸುತ್ತಿತ್ತು. 1906ರಲ್ಲಿ ಆಕೆ ತೀರಿಕೊಂಡ ಬಳಿಕ, ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ನರಕೋಶಗಳು ನಾಶವಾಗಿದ್ದುದನ್ನೂ ಅಸಹಜ ಪದಾರ್ಥಗಳು ಅಲ್ಲಿ ಶೇಖರವಾಗಿದ್ದುದನ್ನೂ ಕಂಡರು. 1910ರಲ್ಲಿ ಈ ರೋಗಕ್ಕೆ ಅವರ ಹೆಸರನ್ನೇ ಇಡಲಾಯಿತು. ಮರೆಗುಳಿತನವನ್ನು ತರುವ ರೋಗಗಳಲ್ಲಿ ಇದೇ ಹೆಚ್ಚು ಸಾಮಾನ್ಯವಾದುದು.

ಈ ರೋಗದಲ್ಲಿ ಹೊಸ ನೆನಪುಗಳನ್ನು ಕೂಡಿಡುವ ಮೆದುಳಿನ ಭಾಗವು ಮೊದಲು ಕೆಡುತ್ತದೆ. ಆದುದರಿಂದ ಬಾಲ್ಯದ ಜಾತ್ರೆಯನ್ನು ಸೊಗಸಾಗಿ ವರ್ಣಿಸುವ ಅಜ್ಜಿಗೆ, ಈಗತಾನೆ ಉಂಡದ್ದು ನೆನಪಿರುವುದಿಲ್ಲ. ‘ಸೊಸೆ ನನಗೆ ಊಟ ಹಾಕಲಿಲ್ಲ’ ಎಂದು ಆಕೆ ನೆರೆಯವರಲ್ಲಿ ದೂರಬಹುದು. ನೆರೆಯವರು ಸೊಸೆಯನ್ನು ನಿಂದಿಸುತ್ತಾರೆ. ಸೊಸೆಯು ಅತ್ತೆಯ ಮಾತನ್ನು ಹಟವೆಂದು ಬಗೆಯುತ್ತಾಳೆ. ನಿಜವಾಗಿ ಇಲ್ಲಿ ಅತ್ತೆ ಸುಳ್ಳು ಹೇಳಲಿಲ್ಲ. ಸೊಸೆ ತಪ್ಪು ಮಾಡಲಿಲ್ಲ. ರೋಗವನ್ನು ಗುರುತಿಸದ ಮನೆಯಲ್ಲಿ ನಿರಪರಾಧಿಗಳಿಬ್ಬರೂ ಅಪರಾಧಿಗಳಾಗುತ್ತಾರೆ.

ಕೆಲವರು ಇದನ್ನು ಹುಚ್ಚೆಂದು ನಾಚಿ, ಹಿರಿಯರನ್ನು ಒಳಕೋಣೆಯಲ್ಲಿ ಬಚ್ಚಿಡುತ್ತಾರೆ. ಮತ್ತೆ ಕೆಲವರು ವಯಸ್ಸಿನ ಫಲವೆಂದು ಸುಮ್ಮನಾಗುತ್ತಾರೆ. ಎರಡರಿಂದಲೂ ಹಾನಿಯೇ. ಥೈರಾಯ್ಡ್ ಗ್ರಂಥಿಯ ದೋಷದಿಂದಾಗಲಿ ಬಿ-12 ಜೀವಸತ್ವದ ಕೊರತೆಯಿಂದಾಗಲಿ ಬಂದ ಮರೆವು ಚಿಕಿತ್ಸೆಯಿಂದ ಕಡಿಮೆಯಾಗಬಲ್ಲದು. ಸುಮ್ಮನಾದವರು ಆ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಆಲ್ಝೈಮರ್ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ. ಆದರೂ ರೋಗವೆಂದು ಬೇಗ ತಿಳಿದರೆ, ಮುಂದಿನ ದಿನಗಳಿಗೆ ಮನೆಯವರು ಸಿದ್ಧರಾಗಬಹುದು.

ಭಾರತದಲ್ಲಿ 60 ವರ್ಷ ತುಂಬಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನವಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರ ಆರೈಕೆಯ ಭಾರವು ಬಹುಮಟ್ಟಿಗೆ ಮನೆಯ ಹೆಂಗಸರ ಮೇಲೆಯೇ ಬೀಳುತ್ತದೆ. ಹಗಲಿರುಳು ಕಾಯುವವರಿಗೂ ವಿಶ್ರಾಂತಿ ಬೇಕಲ್ಲವೇ? ಆ ಭಾರವನ್ನು ಹಂಚಿಕೊಳ್ಳುವುದು ಮನೆಮಂದಿಯೆಲ್ಲರ ಕರ್ತವ್ಯ; ದಾರಿ ತಪ್ಪಿದ ಹಿರಿಯರನ್ನು ಅಣಕಿಸದೆ ಮನೆ ಮುಟ್ಟಿಸುವುದು ಊರಿನ ಕರ್ತವ್ಯ.

ಅಜ್ಜ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಬಹುದು. ಅವರ ಪಾಲಿಗೆ ಪ್ರತಿಸಲವೂ ಅದು ಹೊಸ ಪ್ರಶ್ನೆ. ‘ಆಗಲೇ ಹೇಳಿದೆನಲ್ಲ!’ ಎಂದು ಗದರಿದರೆ ಅವರಿಗೆ ಉತ್ತರ ದೊರೆಯುವುದಿಲ್ಲ, ನೋವು ಮಾತ್ರ ಉಳಿಯುತ್ತದೆ. ನಮ್ಮ ಮಾತು ಅವರಿಗೆ ಮರೆತುಹೋಗಬಹುದು. ಆ ಮಾತು ತಂದ ಅಂಜಿಕೆಯಾಗಲಿ ನೆಮ್ಮದಿಯಾಗಲಿ ಮನಸ್ಸಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆದಕಾರಣ ಹತ್ತನೆಯ ಸಲವೂ ಮೊದಲ ಸಲದಂತೆಯೇ ಮೃದುವಾಗಿ ಉತ್ತರಿಸಬೇಕು. ನೆನಪು ಅಳಿದರೂ ಮನುಷ್ಯನ ಮರ್ಯಾದೆ ಅಳಿಯಬಾರದು.