ಹಿಸ್ಟರಿಸಿಸ್ ಲೂಪ್: ಒಳಗಿನ ಜಾಗಕ್ಕೆ ಏನರ್ಥ?

ಬಿ-ಎಚ್ ಲೂಪ್ ಬಿಡಿಸೋದು ನಮಗೆಲ್ಲ ಗೊತ್ತು. ಆದರೆ ಅದರ ಒಳಗಿರೋ ಜಾಗಕ್ಕೆ ಏನರ್ಥ ಅಂತ ವೈವಾದಲ್ಲಿ ಕೇಳಿದರೆ? ಬನ್ನಿ, ನೋಡೋಣ.

ಕಬ್ಬಿಣ, ನಿಕಲ್, ಕೋಬಾಲ್ಟ್‌ನಂಥ ಫೆರೋಮ್ಯಾಗ್ನೆಟಿಕ್ ವಸ್ತುಗಳ ಒಳಗೆ ಡೊಮೈನ್ ಎಂಬ ಪುಟ್ಟ ವಲಯಗಳಿವೆ. ಪ್ರತಿಯೊಂದೂ ಒಂದು ಅಯಸ್ಕಾಂತವೇ. ಆದರೆ ಒಂದೊಂದು ಒಂದೊಂದು ದಿಕ್ಕಿಗೆ ಇರೋದರಿಂದ ಹೊರಗೆ ಏನೂ ಕಾಣಲ್ಲ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟಾಗ ಅದೇ ದಿಕ್ಕಿನ ಡೊಮೈನ್‌ಗಳು ಪಕ್ಕದವನ್ನು ಒತ್ತಿ ಬೆಳೆಯುತ್ತವೆ. ಕ್ಷೇತ್ರ ಇನ್ನೂ ಹೆಚ್ಚಿದರೆ ಉಳಿದವೂ ತಿರುಗುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ಬಂದರೆ ಸ್ಯಾಚುರೇಶನ್.

ಈಗ ಕ್ಷೇತ್ರವನ್ನು ಸೊನ್ನೆಗೆ ಇಳಿಸೋಣ. ಡೊಮೈನ್‌ಗಳ ನಡುವಿನ ಗೋಡೆಗಳು ಲೋಹದೊಳಗಿನ ಕಲ್ಮಶ, ದೋಷಗಳಲ್ಲಿ ಸಿಕ್ಕಿಕೊಂಡು ಪೂರ್ತಿ ಹಿಂದಕ್ಕೆ ಬರಲ್ಲ. ಹೀಗೆ ಹಿಂದೆ ಬೀಳೋದೇ ಹಿಸ್ಟರಿಸಿಸ್. ಉಳಿದುಕೊಂಡ ಕಾಂತತ್ವ ರಿಟೆಂಟಿವಿಟಿ. ಅದನ್ನು ಅಳಿಸಲು ಬೇಕಾದ ವಿರುದ್ಧ ಕ್ಷೇತ್ರ ಕೋಯರ್ಸಿವಿಟಿ.

ಸಿಕ್ಕಿಕೊಂಡ ಗೋಡೆಗಳನ್ನು ಎಳೆಯೋಕೆ ಶಕ್ತಿ ಬೇಕು. ಆ ಶಕ್ತಿ ಬಿಸಿಯಾಗಿ ಹೋಗುತ್ತೆ. ಲೂಪ್‌ನ ವಿಸ್ತೀರ್ಣ ಅಂದರೆ ಒಂದು ಘನ ಮೀಟರ್ ವಸ್ತುವಿನಲ್ಲಿ ಒಂದು ಸುತ್ತಿಗೆ ನಷ್ಟವಾಗೋ ಶಕ್ತಿ. ನಮ್ಮ 50 ಹರ್ಟ್ಸ್ ಸಪ್ಲೈನಲ್ಲಿ ಟ್ರಾನ್ಸ್‌ಫಾರ್ಮರ್ ಕೋರ್ ಸೆಕೆಂಡಿಗೆ 50 ಸಲ ಈ ಸುತ್ತು ಹಾಕುತ್ತೆ. ಊರೆಲ್ಲ ಮಲಗಿ ಲೋಡ್ ಇಲ್ಲದಿದ್ದರೂ ಈ ನಷ್ಟ ನಿಲ್ಲಲ್ಲ. ಅದಕ್ಕೇ ಕೋರ್‌ಗೆ ಕಿರಿದಾದ ಲೂಪ್‌ನ ಸಿಲಿಕಾನ್ ಸ್ಟೀಲ್. ಕಾಂತತ್ವ ಸುಲಭಕ್ಕೆ ಹೋಗಬಾರದ ಸ್ಪೀಕರ್ ಅಯಸ್ಕಾಂತಕ್ಕೆ ಅಗಲ ಲೂಪ್‌ನ ಆಲ್ನಿಕೋದಂಥ ವಸ್ತು.

ಒಂದು ಎಚ್ಚರ: ಕೋರನ್ನು ತೆಳು ಹಾಳೆಗಳಿಂದ ಕಟ್ಟೋದು ಎಡ್ಡಿ ಕರೆಂಟ್ ನಷ್ಟ ತಗ್ಗಿಸೋಕೆ. ಹಿಸ್ಟರಿಸಿಸ್ ನಷ್ಟಕ್ಕೆ ಆ ಮದ್ದು ನಾಟಲ್ಲ, ಅಲ್ಲಿ ವಸ್ತುವಿನ ಆಯ್ಕೆಯೇ ಮುಖ್ಯ. ಎರಡನ್ನೂ ಬೆರೆಸಿ ಬರೆದರೆ ಮಾರ್ಕ್ಸ್ ಹೋಗುತ್ತೆ.